ಅದೇ ಹಕ್ಕಿ

ಬಲೆಯಿಂದ ಬಿಡಿಸಿದ ಕೆಂಪೆದೆಯ ಹಕ್ಕಿಯನ್ನು
ಗಿಂತೌತಾಸ್ ಅಂಗೈಯಲ್ಲಿ ಮಲಗಿಸಿ ಉಫ್ ಎಂದು ಊದುತ್ತಾನೆ,
ಗರಿ ಸರಿದು ಕೊಬ್ಬಿನ ಹಳದಿ ಕಾಣುತ್ತದೆ.
ಕಾಲಿನ ಉಂಗುರ ಓದುತ್ತಾನೆ: ನಾಲ್ಕು, ಸೊನ್ನೆ, ಒಂಬತ್ತು, ಒಂದು, ಏಳು.
ಹದಿನೇಳೂವರೆ ಗ್ರಾಂ.
ನಾನು ಒತ್ತುತ್ತೇನೆ.

ಏಳು ವಸಂತ ಹೀಗೇ ಒತ್ತಿದ್ದೇನೆ,
ಲೆಕ್ಕದಲ್ಲಿ ಏಳು ಹಕ್ಕಿಗಳಾಗಿವೆ.
ವಿಲ್ನಿಯಸ್‌ನಿಂದ ಪತ್ರ ಬಂತು:
ಕುರ್ಶ್ ಖಾರಿಯ ದಂಡೆಯಲ್ಲಿ ಕೆಂಪೆದೆಗಳು ಹೆಚ್ಚುತ್ತಿವೆ, ಅಭಿನಂದನೆ.
ಅದನ್ನವನು ಚಹಾ ಲೋಟದಡಿ ಇಟ್ಟ.
"ಬಲೆ ಖಾಲಿ. ಕಾಗದದ ತುಂಬ ಗೂಡು."

ತಪ್ಪು ಸಿಗಲು ಒಂದು ರಾತ್ರಿ ಹಿಡಿಯಿತು.
ನನ್ನ ಕೋಡಿಗೂ ಡೇಟಾಬೇಸಿಗೂ ನಡುವೆ ಒಬ್ಬ ದುಭಾಷಿ,
ಬಲು ವಿಧೇಯ, ಕೇಳದೆ ಏನನ್ನೂ ನೆನೆಯದವ.
ಐಡಿ ಖಾಲಿ ಬಿಟ್ಟು ಏನನ್ನು ಕೊಟ್ಟರೂ
ಹೊಸಬರೇ, ಬನ್ನಿ, ಎಂದು ಹೊಸ ಸಾಲು ಹಾಸುತ್ತಾನೆ.
ಉಂಗುರದ ಸಂಖ್ಯೆ ಅವನಿಗೆ ಬರೀ ಸಂಖ್ಯೆ,
ತೂಕದ ಹಾಗೆ, ಆ ದಿನದ ಗಾಳಿಯ ಹಾಗೆ.
ಇದೇ ಗುರುತು ಎಂದು ಯಾರೂ ಹೇಳಿರಲಿಲ್ಲ.
ನಾನು ಹೇಳಿರಲಿಲ್ಲ.

ಹೇಳಿದೆ.
ಒಂದು ಉಂಗುರಕ್ಕೆ ಒಂದೇ ಸಾಲು.
ಮೊದಲು ಹುಡುಕು; ಇದ್ದರೆ ಎಬ್ಬಿಸು,
ಬದಲಾದದ್ದನ್ನಷ್ಟೇ ಬದಲಿಸು, ಮತ್ತೆ ಮಲಗಿಸು.
ಇಲ್ಲದಿದ್ದರೆ ಮಾತ್ರ ಹುಟ್ಟಿಸು.
ಬೆಳಕು ಹರಿಯುವ ಹೊತ್ತಿಗೆ ಏಳೂ ಹಕ್ಕಿ
ಒಂದೇ ಕೊಂಬೆಯ ಮೇಲೆ ಒಂದೇ ಆಗಿ ಕೂತವು.

ಪರದೆ ನೋಡಿ ಗಿಂತೌತಾಸ್ ಕೇಳಿದ:
"ಹೋದ ವರ್ಷದ ತೂಕ ಎಲ್ಲಿ?
ಎದುರುಗಾಳಿಗೆ ಸೋತು ಬಂದಿತ್ತಲ್ಲ, ಎದೆಮೂಳೆ ಚುಚ್ಚುತ್ತಿತ್ತು."
ನಾನು ಅಳಿಸಿರಲಿಲ್ಲ.
ಮೇಲೆ ಬರೆದಿದ್ದೆ, ಅಷ್ಟೇ.

ಮದುವೆಯ ವಾರ ನೋಂದಣಿ ಕಚೇರಿಯಲ್ಲಿ
ಸ್ತೊಂಕುತೆಯಾಗಿದ್ದವಳನ್ನು ನೋರ್ಕಿಯೆನೆ ಮಾಡಿದರು,
ಸಂಖ್ಯೆ ಅದೇ, ಸಾಲು ಅದೇ.
ಗುಮಾಸ್ತೆ ಸೀನುತ್ತಲೇ ಕೆಲಸ ಮುಗಿಸಿದಳು.
ಅಮ್ಮನ ಪತ್ರ ಮಾತ್ರ ವರ್ಷಗಟ್ಟಲೆ ಹಳೆಯ ಹೆಸರಿಗೇ ಬರುತ್ತಿತ್ತು,
ಅಂಚೆಯವಳು ಏನೂ ಕೇಳದೆ ಕೊಟ್ಟು ಹೋಗುತ್ತಿದ್ದಳು.

ಸಂಜೆ ಇನ್ನೊಂದು ಕೋಷ್ಟಕ ಕಟ್ಟಿದೆ:
ಹಕ್ಕಿ ಒಂದೇ ಸಲ,
ಭೇಟಿ ಎಷ್ಟು ಸಲವಾದರೂ.
ಸಾರಿನ ಕಲೆಯ ನೀಲಿ ನೋಟ್‌ಬುಕ್‌ಗಳನ್ನು ಅವನು ಅಟ್ಟದಿಂದ ಇಳಿಸಿದ,
ಬೂಟು ಕಳಚಿ ಹೀಟರಿನ ಬಳಿ ಕೂತು
ತಾರೀಖು ಓದಿದ, ನಾನು ಒತ್ತಿದೆ,
ಹದಿನಾರು ಎಂದ, ಒತ್ತಿದೆ,
ಹದಿನೆಂಟು ಎಂದ, ಒತ್ತಿದೆ,
ಹದಿಮೂರು ಎಂದ,
ಆಮೇಲೆ ಸ್ವಲ್ಪ ಹೊತ್ತು ಏನೂ ಓದಲಿಲ್ಲ.