ಇಳಿದ ಹೊತ್ತು

ದಪ್ಪ ರಟ್ಟಿನ ಹಸಿರು ಪುಸ್ತಕ. ಪುಟಕ್ಕೆ ಐದು ಕಾಲಂ:
ಗ್ಲೈಡರಿನ ಗುರುತು, ಹೆಸರು, ಎಳೆದ ವಿಮಾನ,
ಏರಿದ ಹೊತ್ತು, ಇಳಿದ ಹೊತ್ತು.
ಕಣ್ಣಿಗೆ ಪೊರೆ ಬಂದು ನನ್ನ ಲೈಸೆನ್ಸು ಹೋದ ಮೇಲೆ
ಹದಿಮೂರು ಬೇಸಿಗೆ ಇದನ್ನು ನಾನೇ ಬರೆಯುತ್ತಿದ್ದೇನೆ,
ಉಬಾಯ್ ಹೊಳೆಯ ದಂಡೆಯ ಈ ಹುಲ್ಲುಪಟ್ಟಿಯ ತುದಿಯಲ್ಲಿ,
ಕಾಲು ಮೋಟಾದ ಕುರ್ಚಿಗೆ ಕಲ್ಲು ಕೊಟ್ಟು ಕೂತು.

ಅವತ್ತು ಗಿಸ್ಲೆನ್ ರೇನೋ, ಹನ್ನೆರಡು ಇಪ್ಪತ್ತಕ್ಕೆ.
ಒರೆಲಿಯಾನ್ ಗಾರ್ಸೆನ್, ಹನ್ನೆರಡು ಮೂವತ್ತನಾಲ್ಕಕ್ಕೆ.
ನಡುವೆ ನಾನೊಂದು ಏಪ್ರಿಕಾಟ್ ತಿಂದು
ಬೀಜವನ್ನು ಬೇಲಿಯಾಚೆ ಉಗುಳಿದ್ದು ನೆನಪಿದೆ.
ತನಿಖೆಯವರಿಗೆ ಅದನ್ನೂ ಹೇಳಿದೆ. ಬರೆದುಕೊಳ್ಳಲಿಲ್ಲ.

ಗೊತ್ತಿಲ್ಲದವರು ಕೇಳುತ್ತಾರೆ: ಅಷ್ಟು ದೊಡ್ಡ ಆಕಾಶ,
ಎರಡೇ ಎರಡು ರೆಕ್ಕೆಗಾಡಿ, ಹೇಗೆ?
ಆಕಾಶ ದೊಡ್ಡದಲ್ಲ, ನೋಡಿ.
ಎಂಜಿನ್ನಿಲ್ಲದವನಿಗೆ ಅದು ಕೇರಿಯ ಬಾವಿಯಷ್ಟೇ ಅಗಲ.
ಕಾದ ಬಂಡೆಯ ನೆತ್ತಿಯಿಂದ ಗಾಳಿ ಕಂಬದ ಹಾಗೆ ಏಳುತ್ತದಲ್ಲ,
ಮೇಲು ಅಲ್ಲಿ ಮಾತ್ರ; ಸುತ್ತ ಎಲ್ಲ ಕೆಳಗು.
ಹದ್ದೂ ಅಲ್ಲಿಗೇ, ನಾವೂ ಅಲ್ಲಿಗೇ,
ಕೊಡಕ್ಕೆ ಕೊಡ ತಾಗಿಸದೆ ನೀರು ಸೇದುವವರ ಹಾಗೆ.
ಮೊದಲು ಬಂದವರು ಎಡಕ್ಕೆ ಸುತ್ತಿದರೆ ಆಮೇಲೆ ಬಂದವರೂ ಎಡಕ್ಕೇ.
ಇದು ಕಾನೂನು. ಕಾನೂನಿಗಿಂತ ಹಳೆಯ ಮರ್ಯಾದೆ.

ಇಬ್ಬರೂ ಎಡಕ್ಕೇ ಸುತ್ತುತ್ತಿದ್ದರು.
ಅವಳ ರೆಕ್ಕೆಯಡಿ ಅವನು ಕಾಣಲಿಲ್ಲ,
ಅವನ ತಲೆಯ ಮೇಲೆ ಅವಳು ಬಿಸಿಲಿನೊಳಗಿದ್ದಳು.
ಎಚ್ಚರಿಕೆಯ ಪೆಟ್ಟಿಗೆ ಎರಡರಲ್ಲೂ ಕೂಗಿದೆ.
ಒಂದೇ ಕಂಬದಲ್ಲಿ ನಾಲ್ಕು ಜನ ಸುತ್ತುವಾಗ
ಅದು ಕೂಗುತ್ತಲೇ ಇರುತ್ತದೆ, ಹಟದ ಮಗುವಿನ ಹಾಗೆ;
ನಾನೂ ಎಷ್ಟೋ ಸಲ ಅದರ ಬಾಯಿ ಮುಚ್ಚಿಸಿದ್ದೆ.

ಸದ್ದು ಕೇಳಿದ್ದು ಕುರಿ ಕಾಯುವ ಮಾರ್ಸೆಲೆನ್ ಒಬ್ಬನಿಗೆ.
ಹಲಗೆಯ ಮೇಲೆ ಹಲಗೆ ಬಿದ್ದ ಹಾಗೆ, ಅಷ್ಟೇ, ಎಂದ.
ಆಮೇಲೆ ಬಿಳಿಯ ಚೂರುಗಳು, ಬಹಳ ಹೊತ್ತು.
ಹಿಮ ಅಂದುಕೊಂಡೆ, ಜುಲೈಯಲ್ಲಿ.
ಅವನ ದೊಡ್ಡ ಬಿಳಿ ನಾಯಿ ಮೇಲೆ ನೋಡಿ ಬೊಗಳಲಿಲ್ಲ;
ಕುರಿಗಳ ಕಡೆ ತಿರುಗಿ ಒಂದೊಂದನ್ನೂ ಮೂಸಿ ಎಣಿಸಿತು.

ಒರೆಲಿಯಾನ್ ಲಾರ್ಚ್ ಮರದಲ್ಲಿ ಸಿಕ್ಕಿ ಉಳಿದ.
ಸಂಜೆ ಮಾರ್ಸೆಲೆನ್‌ನ ವ್ಯಾನಿನಲ್ಲಿ ಬಂದಿಳಿದ,
ಮೊಣಕೈಗೆಲ್ಲ ಮರದ ಅಂಟು, ಒಂದು ಕಾಲಲ್ಲಿ ಬೂಟಿಲ್ಲ,
ಪ್ಯಾರಾಚೂಟನ್ನು ಒಗೆದ ಬಟ್ಟೆಯ ಹಾಗೆ ಎರಡೂ ಕೈಲಿ ತಬ್ಬಿ.
ಕೆಳಗಿಡು ಎಂದೆ. ಎಲ್ಲಿ ಎಂದು ಕೇಳಿದ.
ಎಲ್ಲಿ. ಅಷ್ಟು ದೊಡ್ಡ ಹ್ಯಾಂಗರಿನಲ್ಲಿ.

ಕೊನೆಯ ಗಳಿಗೆಯಲ್ಲಿ ಅವಳ ಮುಖ ಕಂಡಿತಂತೆ.
ಹೆದರಿರಲಿಲ್ಲ, ಎಂದ. ಏನೋ ಹುಡುಕುತ್ತಿದ್ದಳು,
ಕನ್ನಡಕ ಎಲ್ಲಿಟ್ಟೆ ಅನ್ನುವ ಮುಖ.

ಗಾಜಿನ ನೆತ್ತಿಗೆ, ಗಾಳಿಯ ಓರೆ ತಿಳಿಯಲೆಂದು,
ಎಲ್ಲರೂ ಒಂದೆಳೆ ಉಣ್ಣೆ ಅಂಟಿಸುತ್ತಾರೆ, ಕೆಂಪು.
ಅವಳದು ಮಾತ್ರ ಸಾಸಿವೆ ಹೂವಿನ ಬಣ್ಣ,
ಹಳೆಯ ಸ್ವೆಟರಿನ ತೋಳಿನಿಂದ ಕಿತ್ತದ್ದು;
ವರ್ಷವರ್ಷವೂ ಕಿತ್ತು ಕಿತ್ತು
ತೋಳು ಮುಂಗೈ ಬಿಟ್ಟು ಮೇಲೇರಿತ್ತು.
ನಾಲ್ಕನೆಯ ದಿನ ಪೊಲೀಸರು ತಂದ ಚೀಲದಲ್ಲಿ
ಅಂಗೈಯಗಲದ ಗಾಜು, ಅದರ ಮೇಲೆ ಆ ಎಳೆ.
ಕಿಟಕಿಯ ಹತ್ತಿರ ಹಿಡಿದೆ.
ಅಲುಗಿತು.

ವಿಮೆಯವನಿಗೆ ಪುಸ್ತಕ ಬೇಕಂತೆ. ಕೊನೆಯ ಕಾಲಂ ಖಾಲಿ ಬಿಡುವಂತಿಲ್ಲ.
ಅವಳದು ಹದಿಮೂರು ಗಂಟೆ, ಐದು ನಿಮಿಷ,
ಹತ್ತೊಂಬತ್ತು ಸೆಕೆಂಡು. ಸೆಕೆಂಡಿಗೆ ಜಾಗ ಸಾಲಲಿಲ್ಲ.
ಒರೆಲಿಯಾನ್‌ದು? ಮರಕ್ಕೆ ಸಿಕ್ಕ ಹೊತ್ತೋ,
ವ್ಯಾನು ಬಂದ ಹೊತ್ತೋ?
ನಿದ್ದೆಯಲ್ಲಿ ಈಗಲೂ ಎಡಕ್ಕೇ ಹೊರಳುತ್ತಾನೆ,
ಮಂಚದ ಅಂಚಿನ ತನಕ, ಎನ್ನುತ್ತಾಳೆ ಹೆಂಡತಿ.

ಇವತ್ತು ಬಿಸಿಲು. ಬಂಡೆಯ ಮೇಲೆ ಹನ್ನೊಂದೂವರೆಗೇ
ಹತ್ತಿಯುಂಡೆಯಂಥ ಮೊದಲ ಮೋಡ.
ಹೊಸ ಹುಡುಗಿಯೊಬ್ಬಳು ಹಗ್ಗ ಸಿಕ್ಕಿಸಿಕೊಂಡು ಹೆಬ್ಬೆರಳೆತ್ತಿದಳು.
ಹೆಸರು ಬರೆದೆ. ಹೊತ್ತು ಬರೆದೆ.
ಕುರ್ಚಿಯ ಕೆಳಗಿನ ಕಲ್ಲು ಜರುಗಿದೆ,
ಸರಿಮಾಡಬೇಕು, ಅವಳು ಇಳಿದ ಮೇಲೆ.