ಸೊನ್ನೆ ಪಾಯಿಂಟ್ ಮೂವತ್ತೊಂಬತ್ತು

ಜತ್ತದ ಪ್ಯಾಟ್ಯಾಗ ಝೆರಾಕ್ಸ್ ಅಂಗಡಿ ನಂದು.
ಹೊಸ ಲ್ಯಾಪ್‌ಟಾಪು, ಮೈಮ್ಯಾಲಿನ ಪ್ಲಾಸ್ಟಿಕ್ಕೂ ಸುಲಿದಿಲ್ಲ,
ಸಾತ್‌ಬಾರಾ ಉತಾರ ತೆಗಿ ಅಂದರ
ಗಾಣದೆತ್ತಿನಂಗ ಸುತ್ತತೈತಿ ಉಂಗುರ.
ಪಾಳಿಯೊಳಗಿನ ಸಾಂವಕ್ಕ ಕೇಳತಾಳ:
"ಇದಕ್ಕೂ ಮರಾಠಿ ಬರಂಗಿಲ್ಲೇನ, ತಂಗೀ?"

ವೈರಸ್ ಹುಡುಕಿದೆ. ಇರಲಿಲ್ಲ.
ಬ್ಯಾಡಾದ್ದು ಅಳಿಸಿದೆ, ಬಂದ್ ಮಾಡಿ ಚಾಲೂ ಮಾಡಿದೆ,
ತಳಕ್ಕ ಎರಡು ಮುಚ್ಚಳ ಇಟ್ಟು ಗಾಳಿ ಆಡಿಸಿದೆ.
ಕಾದರ ನಿಧಾನ ಆಗತೈತಿ ಅಂತಾರ.
ಇದು ದುಡಿದ ಇಲ್ಲ,
ಕಾಯೋದೆಲ್ಲಿಂದ?
ಪರದೆ ಮ್ಯಾಲ ವೇಗ: 0.39.
ದೀಪ ಹಚ್ಚೂತನಕ ಕದಲಲಿಲ್ಲ.

ಸಿಟ್ಟಿಗೆ ಚಾರ್ಜರ್ ಕಿತ್ತೆ.
ಕಿತ್ತದ್ದ ತಡ, ಎರಡು ದಾಟಿ ಮೂರಕ್ಕ ಜಿಗೀತು!

ತುದಿ ನೋಡಿದರ, ನಡುವಿನ ಕೂದಲೆಳಿಯಂಥ ಸೂಜಿ ಬಾಗೇತಿ.
'ನಾ ನಿನ್ನವಳ' ಅಂತ ಹೇಳೋದು ಅದರ ಕೆಲಸ.
ಅದು ಹೇಳಲಿಲ್ಲ, ಇದು ನಂಬಲಿಲ್ಲ.
ಕರೆಂಟು ಬಂದರೂ
ಬೀಗರ ಮನ್ಯಾಗ ಕುಂತಂಗ
ತುತ್ತು ಎಣಿಸಿ ಉಂಡೈತಿ ಇಡೀ ದಿನ.

ಬೋರ್ಡಿನಿಂದ ವಯರ್ ತೆಗೆದು,
ತಲಿಯ ಪಿನ್ ಬಿಚ್ಚಿ
ಸೂಜಿ ನೆಟ್ಟಗ ಮಾಡಾಕ ಹತ್ತೀನಿ.
ಮುಂಜಾನಿಯಿಂದ "ಲಗೂ, ಲಗೂ" ಅಂದಾಕಿ
ಮೊಬೈಲ್ ಬ್ಯಾಟರಿ ಹಿಡಿದು ಬಗ್ಗ್ಯಾಳ,
ಉಸಿರು ನನ್ನ ಕೈಗೆ ತಾಕತೈತಿ:
"ಸಾವಕಾಶ... ಸಾವಕಾಶ ತಂಗೀ,
ಮುರಿದೀತು."