ಮೊಳಿಗೆ ತೂಗಿದ ಕಂಡಿಕಿ

ಬನಹಟ್ಟಿಯ ಜಿಡ್ಡಿಮನಿ ಶೆಡ್ಡಿನೊಳಗ
ಆರನೇ ಮಗ್ಗದ ಸೀರಿ ಮ್ಯಾಲ
ಹನ್ನೊಂದನೇ ನವಿಲಿಗೆ ತಲಿ ಇಲ್ಲ.
ಕುತ್ತಿಗಿತನಕ ಸರಿ ನೇದು
ಅಲ್ಲಿಂದ ಮತ್ತ ಕಾಲಿನಿಂದ ಸುರು.

"ನಿನ್ನ ಡಬ್ಬಿ ಮಾಡಿದ್ದು," ಅಂದ ಕಾಡಪ್ಪ,
ಸೀರಿ ನನ್ನ ಮುಂದ ಹಾಸಿ.
ದನಿಯೊಳಗ ಸಿಟ್ಟಿರಲಿಲ್ಲ, ಅದ ಹೆಚ್ಚು ಚುಚ್ಚಿತು.

ಡಬ್ಬಿ ನನ್ನದ. ಅದರೊಳಗಿನ ಡ್ರೈವರೂ ನನ್ನದ.
ಜಕಾರ್ಡಿನ ಕೊಕ್ಕಿ ಎತ್ತೋ ಕಾರ್ಡು ಒಂದು,
ಬೆರಳಿಟ್ರ ನಮೂನಿ ಬದಲಾಗೋ ಪರದೆ ಒಂದು,
ಎರಡಕ್ಕೂ ರೀಸೆಟ್ಟಿನ ಗೆರಿ ಒಂದ.
ಬೋರ್ಡು ಬರದಾಂವ ಪ್ರೊಸೆಸರಿನ ಒಂದು ಕಾಲು ಉಳಿಸಿದ್ದ;
ಕೂದಲೆಳಿಯಷ್ಟು ತಾಮ್ರ
ಕನೆಕ್ಟರಿನ ಕೆಳಗ ಹೋಗಿ ಕವಲೊಡದಿತ್ತು.
ಗೆರಿ ಮ್ಯಾಲಿದ್ರ ಇಬ್ಬರೂ ಎಚ್ಚರ,
ಇಳಿದ್ರ ಇಬ್ಬರೂ ಹುಟ್ಟೂ ಮುಂಚಿನಂಗ.

ಶೆಡ್ಡಿನ ನೂಲಿನ ಧೂಳಿಗೆ ಪರದೆ ಆಗಾಗ ಮಂಕಾಗೂದು.
ಅದರ ಡ್ರೈವರು ನಾನು ಕಲಿಸಿದಂಗ ಮಾಡ್ತಿತ್ತು:
ಉತ್ತರ ಬರಲಿಲ್ಲಂದ್ರ ಗೆರಿ ಎಳಿ,
ಹತ್ತು ಮಿಲಿಸೆಕೆಂಡು ಹಿಡಿ, ಬಿಡು.
ತನ್ನ ನಿದ್ದಿ ತಿಳಿಯಾಗಲಿ ಅಂತ
ಮನಿಮಂದಿ ಮಾರಿಗೆಲ್ಲ ನೀರು ಗೊಜ್ಜಿದಂಗ.
ನವಿಲಿನ ತಲಿ ಆ ಹತ್ತು ಮಿಲಿಸೆಕೆಂಡಿನೊಳಗ ಹೋತು.

ಎರಡು ರಾತ್ರಿ ಶೆಡ್ಡಿನಾಗ ಕುಂತೆ.
ಕಂಡಿಕಿ ಸುತ್ತೋ ದಾನವ್ವ ಚಾ ತಂದಿಟ್ಟು ಕೇಳಿದಳು,
"ಏನವ್ವಾ, ಸತ್ತಾಂವನ್ನ ಕಾಯ್ದಂಗ ಕುಂತೀಯಲ್ಲ?"
ಹೇಳಿದೆ. ತಾಮ್ರದ ಮಾತು ಬಿಟ್ಟು, ಸ್ವಿಚ್ಚಿನ ಮಾತಿನೊಳಗ.
ಆಕಿ ನಕ್ಕು ಬಾಗಿಲ ಹಿಂದಿನ ಮೊಳಿ ತೋರಿಸಿದಳು.

"ನಮ್ಮ ಮಾವನ ಕಾಲಕ್ಕ ಇಲ್ಲಿ ಉದ್ದನ್ನ ಶಾಫ್ಟು,
ಒಂದ ಮೋಟಾರು, ನಾಕು ಮಗ್ಗ.
ಬಂದಾಂವ ಒಂದು ಖಾಲಿ ಕಂಡಿಕಿ ಮೊಳಿಗೆ ತೂಗಬೇಕು,
ಹೋಗಾಂವ ಒಂದು ತಗೀಬೇಕು.
ಮೊಳಿ ಬರಿದಾದ ಮ್ಯಾಲಷ್ಟ ಮೋಟಾರಿಗೆ ಕೈ.
ನಿನ್ನ ಎಳಿ ಹರದ್ರ ನಿನ್ನ ಪಟ್ಟಾ ಇಳಿಸಿಕೋ,
ಎಲ್ಲಾರ ಮೋಟಾರು ಯಾಕ ಮುಟ್ತಿ?"

ಅದನ್ನ ಬರದೆ. ಒಂದು ಎಣಿಕಿ:
ಎಬ್ಬಿಸಂದ್ರ ಒಂದು ಕೂಡಿಸು,
ಸಾಕಂದ್ರ ಒಂದು ಕಳಿ,
ಸೊನ್ನಿಗೆ ಬಂದಾಗಷ್ಟ ಗೆರಿ ಇಳೀಲಿ.
ಗೆರಿ ನನಗೊಬ್ಬಂಗ ಬೇಕು ಅನ್ನೋ ಡ್ರೈವರಿಗೆ
ಬಾಗಿಲಾಗ "ಆಗಂಗಿಲ್ಲ" ಅನ್ನು.

ಸಣ್ಣ ಮಾತಲ್ಲ ಇದು, ಬರೀವಾಗ ತಿಳೀತು.
ರೀಸೆಟ್ ಅಂದ್ರ ಅಪ್ಪಣಿ ಅಂದ್ಕೊಂಡಿದ್ದೆ.
ಹಂಚಿಕೊಂಡ ಗೆರಿ ಮ್ಯಾಲ ಅದು ಬರೇ
"ನನ್ನ ಕಡಿಂದ ಅಡ್ಡಿಲ್ಲ" ಅನ್ನೂದು.
ಆತೋ ಇಲ್ಲೋ ಯಾರೂ ಹೇಳಂಗಿಲ್ಲ.
ಅಂದಮ್ಯಾಲ ಪರದೆಗೆ ಬ್ಯಾರೆ ಕಲಿಸಬೇಕು:
ತನ್ನ ರಿಜಿಸ್ಟರು ತಾನ ಒರಸಿಕೊಳ್ಳೂದು,
ಅದರಿಂದಲೂ ಆಗದಿದ್ರ ಕತ್ತಲಾಗಿ ಕಾಯೂದು.

ಮೊದಲ ದಿನ ಗೆರಿ ಇಳೀಲೇ ಇಲ್ಲ.
ಮಗ್ಗ ನಿಂತು, ಶೆಡ್ಡು ತಣ್ಣಗಾಗಿ, ಎಣಿಕಿ ಇನ್ನೂ ಒಂದು.
ದಾನವ್ವನ್ನ ಕೇಳಿದೆ, "ಕಂಡಿಕಿ ತಗಿಯೂದು ಮರತ್ರ?"
"ಹೂಂ, ಯಮನಪ್ಪ ಅಂತಿದ್ದ. ಬಂದು, ತೂಗಿ,
ನೂಲಿಲ್ಲ ಅಂತ ತಿಳದು ಹಂಗ ಹೊಳ್ಳಿ ಹೋಗಾಂವ.
ಮೋಟಾರು ಬೆಳತನಕ ಬರಿದ ತಿರಗೂದು."
ನನ್ನ ಯಮನಪ್ಪನೂ ಸಿಕ್ಕ:
ಕ್ಲಾಕು ಸಿಗಲಿಲ್ಲಂತ ಸುರುವಿನಾಗ ಹೊಳ್ಳೋ ದಾರಿ,
ಅಲ್ಲಿ ಒಂದು ಸಾಲು ಬಿಟ್ಟಿದ್ದೆ.

ಮರುದಿನ ರಾತ್ರಿ ಹನ್ನೊಂದೂವರಿಗೆ ಪರದೆ ಸತ್ತಿತು.
ಕೊಕ್ಕಿ ಏಳ್ತಿದ್ದುವು, ಇಳೀತಿದ್ದುವು.
ಕಾಡಪ್ಪ ಕತ್ತಲ ಗಾಜು ಒಮ್ಮೆ ನೋಡಿ
ಸೆರಗು ಮುಗಿಸಾಕ ಹತ್ತಿದ.
ಎರಡೂ ಹತ್ತಕ್ಕ ಕಡೀ ಎಳಿ ಹಾಕಿ ಮಗ್ಗ ನಿಲ್ಲಿಸಿದ.
ಗೆರಿ ಇಳೀತು. ಏರಿತು.
ಪರದೆ ಕಣ್ಣು ಬಿಟ್ಟು ಕೇಳಿತು: ನಮೂನಿ ಆರಿಸಿ.

"ಈಗ ಕೇಳ್ತೈತಿ ನೋಡು," ಅಂತ ಕಾಡಪ್ಪ ಅಂಗಿ ಝಾಡಿಸಿ ಹೊಂಟ.

ತಲಿ ಇಲ್ಲದ ನವಿಲಿನ ಸೀರಿ
ದಾನವ್ವ ಅರ್ಧ ರೇಟಿಗೆ ಇಟಗೊಂಡಳು.
ನಿರಗಿಯೊಳಗ ಮುಚ್ಚತೈತಿ ಬಿಡು, ಅಂದಳು.